ಚಾಕುವಿನ ಉಕ್ಕನ್ನು ಯಾವುದರಿಂದ ಕತ್ತರಿಸಬೇಕು?

ಚಾಕು ಮಾಡಲು ಹೊರಟವರು ಮೊದಲು ಕೇಳುವುದು ಯಾವ ಸ್ಟೀಲು ತರಬೇಕೆಂದು. ಅದು ಬಗೆಹರಿದ ಮೇಲೆ ಬರುವ ಪ್ರಶ್ನೆ, ‘ಲೇಸರ್ ಕಟ್ ಮಾಡಿಸಿಬಿಟ್ಟರೆ ಸಲೀಸಲ್ಲವೇ?’ ಸಲೀಸೇ. ಬರೆದುಕೊಟ್ಟ ಆಕಾರ ಹಾಗೇ ಬರುತ್ತದೆ, ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆಮೇಲೆ ಹಿಡಿಯ ತೂತನ್ನು ಸ್ವಲ್ಪ ದೊಡ್ಡದು ಮಾಡೋಣ ಎಂದು ಡ್ರಿಲ್ ಇಟ್ಟರೆ ಅದರ ಕೊರೆಯುವ ಮೊನೆ, ಅಂದರೆ ಬಿಟ್ಟು, ಕಿರುಚಿ ಮೊಂಡಾಗುತ್ತದೆ. ಅಂಚಿಗೆ ಅರ ಹಾಕಿದರೆ ಅರ ಕಚ್ಚುವುದೇ ಇಲ್ಲ, ಜಾರಿಕೊಂಡು ಹೋಗುತ್ತದೆ. ಅದೇ ತಗಡಿನಿಂದ ಹ್ಯಾಕ್ಸಾದಲ್ಲಿ ಕೊಯ್ದ ತುಂಡಿಗೆ ಈ ತಾಪತ್ರಯ ಇರುವುದಿಲ್ಲ.

ಚಾಕುವಿಗೆ ಬೇಕಾದ ಉಕ್ಕಿನ ಗುಣವೇ ಕಾಯಿಸಿ ಥಟ್ಟನೆ ತಣಿಸಿದರೆ ಗಟ್ಟಿಯಾಗುವುದು. ಸುಮಾರು 730 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರ ಒಳರಚನೆ ಬದಲಾಗುತ್ತದೆ, ಅಲ್ಲಿಂದ ಬೇಗ ತಣ್ಣಗಾದರೆ ಗಟ್ಟಿಯೂ ಪೆಡಸೂ ಆಗುತ್ತದೆ. ಹದ ಹಾಕುವಾಗ ಎಣ್ಣೆಯಲ್ಲಿ ಅದ್ದಿ ನಾವು ಬೇಕೆಂದೇ ಮಾಡುವ ಕೆಲಸ ಇದು. ಲೇಸರ್, ಪ್ಲಾಸ್ಮಾ, ಗ್ಯಾಸ್ ಕಟಿಂಗ್‌ಗಳು ಇದನ್ನೇ ನಾವು ಹೇಳದೆ ಮಾಡಿಬಿಡುತ್ತವೆ. ಗೆರೆಯಗುಂಟ ಉಕ್ಕು ಕರಗುವಷ್ಟು ಕಾಯುತ್ತದೆ, ಪಕ್ಕದ ತಣ್ಣನೆಯ ತಗಡು ಆ ಕಾವನ್ನು ಕ್ಷಣದಲ್ಲಿ ಹೀರಿಕೊಳ್ಳುತ್ತದೆ, ಅಂಚಿನಲ್ಲಿ ಗಟ್ಟಿ ಪೊರೆಯೊಂದು ಉಳಿಯುತ್ತದೆ.

ಹಾಗಾಗಿ ‘ಎಷ್ಟು ಬೇಗ, ಎಷ್ಟು ದುಡ್ಡಿಗೆ’ ಎಂದು ಕೇಳುವ ಮುಂಚೆ ‘ಕತ್ತರಿಸಿದ ಮೇಲೆ ಆ ಅಂಚಿನಲ್ಲಿ ನನಗೆ ಏನು ಕೆಲಸ ಬಾಕಿ ಇದೆ’ ಎಂದು ಕೇಳಿಕೊಳ್ಳಿ. ತೂತು ಕೊರೆಯಬೇಕೇ? ಅರ ತಿಕ್ಕಬೇಕೇ? ಎಲ್ಲವನ್ನೂ ಎಮರಿ ಪಟ್ಟಿ ಓಡುವ ಬೆಲ್ಟ್ ಗ್ರೈಂಡರ್‌ನಲ್ಲೇ ಉಜ್ಜಿ ತೆಗೆಯುವವರೇ? ವಿಧಾನ ನಿಂತಿರುವುದು ಈ ಉತ್ತರದ ಮೇಲೆ.

ಮೊದಲು: ಕೈಯಲ್ಲಿರುವ ಉಕ್ಕು ಮೆತ್ತಗಿದೆಯೇ, ಗಟ್ಟಿಯೇ?

ಅಂಗಡಿಯಿಂದ ಹೊಸದಾಗಿ ತಂದ ಟೂಲ್ ಸ್ಟೀಲನ್ನು ಸಾಮಾನ್ಯವಾಗಿ ಅನೀಲ್ ಮಾಡಿ, ಅಂದರೆ ಕಾಯಿಸಿ ನಿಧಾನವಾಗಿ ಆರಿಸಿ ಮೆತ್ತಗೆ ಮಾಡಿಯೇ ಮಾರುತ್ತಾರೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲೋ ಪೀಣ್ಯದಲ್ಲೋ ವಿಚಾರಿಸಿದರೆ ಕೇಳಿಬರುವ ಹೆಸರುಗಳು ಓಎಚ್‌ಎನ್‌ಎಸ್, ಎಚ್‌ಸಿಎಚ್‌ಸಿಆರ್, ಇಎನ್-31. ಹೊರದೇಶದ ಚಾಕು ಮಾಡುವವರು ಓ-1 ಎನ್ನುವುದೇ ನಮ್ಮ ಓಎಚ್‌ಎನ್‌ಎಸ್. ಇಂಗಾಲ ಶೇ. 0.9ರ ಆಸುಪಾಸು, ಎಣ್ಣೆಯಲ್ಲಿ ಹದವಾಗುತ್ತದೆ, ಹೊಸಬರಿಗೆ ಒಳ್ಳೆಯದು. ಎಚ್‌ಸಿಎಚ್‌ಸಿಆರ್ (ಹೈ ಕಾರ್ಬನ್ ಹೈ ಕ್ರೋಮಿಯಂ) ಎಂದು ಕೊಡುವುದು ಡಿ-2 ದರ್ಜೆಯದಿರಬಹುದು, ಡಿ-3ಯೂ ಇರಬಹುದು. ಎರಡರಲ್ಲೂ ಕ್ರೋಮಿಯಂ ಶೇ. 12ರಷ್ಟು. ಇಂಗಾಲ ಮಾತ್ರ ಡಿ-2ರಲ್ಲಿ ಶೇ. 1.5, ಡಿ-3ರಲ್ಲಿ ಶೇ. 2ರ ಹತ್ತಿರ. ಯಾವುದೆಂದು ಕೇಳಿ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಇಎನ್-31 ಬೇರಿಂಗ್‌ಗೆ ಬಳಸುವ ಉಕ್ಕು, ಶೇ. 1ರಷ್ಟು ಇಂಗಾಲ ಇರುವಂಥದ್ದು.

ಗುಜರಿಯಿಂದ ತಂದ ಲಾರಿ ಪ್ಲೇಟಿನ ಕಥೆ ಬೇರೆ. ಅದು ಸ್ಪ್ರಿಂಗ್ ಆಗಿ ಕೆಲಸ ಮಾಡಿ ಬಂದ ಮಾಲು, ಆಗಲೇ ಹದವಾಗಿರುತ್ತದೆ. ಇಎನ್-45ರಂಥ ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ಶೇ. 0.5ರಿಂದ 0.6, ಜೊತೆಗೆ ಶೇ. 1.5ರಿಂದ 2ರಷ್ಟು ಸಿಲಿಕಾನ್ ಇರುತ್ತದೆ. ಹ್ಯಾಕ್ಸಾ ಅದನ್ನು ಗೀರುತ್ತದೆಯೇ ಹೊರತು ಕೊಯ್ಯುವುದಿಲ್ಲ. ಕೊಯ್ಯಲೇಬೇಕೆಂದರೆ ಮೊದಲು ಮೆತ್ತಗೆ ಮಾಡಬೇಕು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಆಯಸ್ಕಾಂತ ಅಂಟದಷ್ಟು ಕಾವು ಬಂದ ಮೇಲೆ ಒಣ ಬೂದಿಯಲ್ಲಿ ಪೂರ್ತಿ ಹೂತಿಟ್ಟು ಮರುದಿನ ತೆಗೆಯಿರಿ. ಆಯಸ್ಕಾಂತ ಬಿಡುವುದು 770 ಡಿಗ್ರಿಯ ಹೊತ್ತಿಗೆ. ಥರ್ಮಾಮೀಟರ್ ಇಲ್ಲದ ಕುಲುಮೆಗೆ ಅದೇ ಗುರುತು. ಬೂದಿಯ ಉಪಾಯ ಸ್ಪ್ರಿಂಗ್ ಉಕ್ಕಿಗೆ ಸಾಕು. ಡಿ-2ರಂಥ, ಬರೀ ಗಾಳಿಗೆ ಆರಿದರೂ ಗಟ್ಟಿಯಾಗುವ ಉಕ್ಕಿಗೆ ಅದು ನಡೆಯುವುದಿಲ್ಲ. ಅದನ್ನು ಫರ್ನೇಸಿನಲ್ಲಿ ಗಂಟೆಗೆ ಇಷ್ಟೇ ಡಿಗ್ರಿ ಎಂದು ಇಳಿಸುತ್ತಾ ಬರಬೇಕು.

ಹಳೆಯ ಪವರ್ ಹ್ಯಾಕ್ಸಾ ಬ್ಲೇಡಿನಿಂದ ಚಾಕು ಮಾಡುವವರು ನಮ್ಮಲ್ಲಿ ಬಹಳ. ಅದೂ ಆಗಲೇ ಗಟ್ಟಿಯಾಗಿರುವ ಮಾಲು, ಅದರ ಹದವನ್ನು ಹಾಗೇ ಉಳಿಸಿಕೊಂಡು ಆಕಾರ ಮಾತ್ರ ಬದಲಿಸಬೇಕು. ಬ್ಲೇಡು ಪೂರ್ತಿ ಹೈ ಸ್ಪೀಡ್ ಸ್ಟೀಲ್ ಆಗಿದ್ದರೆ ಗ್ರೈಂಡರ್‌ನ ಕಾವಿಗೆ ಅಷ್ಟು ಬೇಗ ಹದ ಬಿಡುವುದಿಲ್ಲ. ಸಾದಾ ಇಂಗಾಲದ ಉಕ್ಕಾದರೆ ಅಂಚು ನೀಲಿ ತಿರುಗಿತೆಂದರೆ ಅಲ್ಲಿ ಹದ ಹೋಯಿತೆಂದೇ ಲೆಕ್ಕ, ಏಕೆಂದರೆ ನೀಲಿ ಬರುವುದು ಸುಮಾರು 300 ಡಿಗ್ರಿಗೆ. ಮೆತ್ತಗಿನ ಉಕ್ಕಿನಲ್ಲಿ ಅದೇ ನೀಲಿಗೆ ಹೆದರಬೇಕಿಲ್ಲ, ಹೇಗಿದ್ದರೂ ಮುಂದೆ ಹದ ಹಾಕುವವರೇ ತಾನೆ.

ಯಾವ ಸ್ಥಿತಿಯೆಂದು ಗೊತ್ತಾಗದಿದ್ದರೆ ಒಳ್ಳೆಯ ಅರವೊಂದರ ಮೂಲೆಯಿಂದ ತುಂಡಿನ ಅಂಚಿಗೆ ಒತ್ತಿ ಗೀರಿ. ಕಚ್ಚಿ ಪುಡಿ ಬಿದ್ದರೆ ಮೆತ್ತಗೆ. ಜಾರಿ ಹೊಳಪಿನ ಗೆರೆ ಮಾತ್ರ ಬಿದ್ದರೆ ಗಟ್ಟಿ.

ಹೊಸಬರು ಬೀಳುವ ದೊಡ್ಡ ಹಳ್ಳ ಇನ್ನೊಂದಿದೆ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಬಿದ್ದಿರುವ ‘ಎಸ್‌ಎಸ್’ (ಸ್ಟೇನ್‌ಲೆಸ್ ಸ್ಟೀಲ್) ತಗಡು ಬಹುಪಾಲು 304 ಅಥವಾ 202 ದರ್ಜೆಯದು, ‘ಎಂಎಸ್’ (ಮೈಲ್ಡ್ ಸ್ಟೀಲ್) ಎಂದರೆ ಇಂಗಾಲ ಕಾಲು ಪರ್ಸೆಂಟೂ ಇಲ್ಲದ ಕಬ್ಬಿಣ. ಎರಡನ್ನೂ ಎಷ್ಟು ಕಾಯಿಸಿ ಅದ್ದಿದರೂ ಚಾಕುವಿನ ಹದ ಬರುವುದಿಲ್ಲ. ಸ್ಟೇನ್‌ಲೆಸ್ಸೇ ಬೇಕೆಂದರೆ 420 ಅಥವಾ 440ಸಿ ಎಂದು ಹೆಸರು ಹಿಡಿದು ಕೇಳಿ.

ಎರಡನೆಯದು: ಗೆರೆ ಹಾಕುವುದು, ಅಂಚು ಬಿಡುವುದು

ರಟ್ಟಿನಲ್ಲಿ ಆಕಾರ ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿ, ಹಿಡಿ ಸರಿಹೋಯಿತೆನಿಸಿದ ಮೇಲೆ ಉಕ್ಕಿಗೆ ವರ್ಗಾಯಿಸಿ. ತಗಡಿನ ಮೇಲೆ ಮಾರ್ಕರ್ ಬಳಿದು ಸ್ಕ್ರೈಬರ್‌ನಿಂದ ಗೀರಿದರೆ ಗೆರೆ ಸಣ್ಣಗೆ ಬರುತ್ತದೆ, ಕಿಡಿ ಹಾರಿದರೂ ಅಳಿಸುವುದಿಲ್ಲ. ಕಾಗದ ಅಂಟಿಸಿ ಕೊಯ್ಯುವವರೂ ಇದ್ದಾರೆ. ಗ್ರೈಂಡರ್ ಹಿಡಿದರೆ ಆ ಕಾಗದ ಮೊದಲು ಸುಡುತ್ತದೆ.

ಒಂದು ವಿಷಯ ಮರೆಯಬೇಡಿ. ತಗಡನ್ನು ರೋಲರ್‌ನಲ್ಲಿ ಎಳೆದಿರುವ ದಿಕ್ಕಿಗೇ ಚಾಕುವಿನ ಉದ್ದ ಬರಬೇಕು. ಆ ದಿಕ್ಕಿನಲ್ಲಿ ಉಕ್ಕಿನ ತಾಳಿಕೆ ಹೆಚ್ಚು. ಉದ್ದನೆಯ ಪಟ್ಟಿ ತಂದಿದ್ದರೆ ಅದು ತಾನಾಗಿಯೇ ಸರಿಯಾಗಿರುತ್ತದೆ. ದೊಡ್ಡ ತಗಡಿನಿಂದ ಹತ್ತಾರು ಚಾಕು ಕತ್ತರಿಸಿದಾಗಲೇ ತಪ್ಪುವುದು, ಅದು ಮುಂದೆ ಬರುತ್ತದೆ.

ಗೆರೆಯ ಹೊರಗೆ ಎಷ್ಟು ಬಿಡಬೇಕು ಎನ್ನುವುದು ವಿಧಾನಕ್ಕೆ ತಕ್ಕಂತೆ ಬದಲಾಗುತ್ತದೆ. ಹ್ಯಾಕ್ಸಾ, ಬ್ಯಾಂಡ್‌ಸಾ ಆದರೆ 1 ಮಿಲಿಮೀಟರ್ ಸಾಕು. ಗ್ರೈಂಡರ್ ಕಟಿಂಗ್ ಡಿಸ್ಕ್ ಆದರೆ ಕೈ ಪಳಗಿದವರಿಗೂ 2 ಮಿಲಿಮೀಟರ್ ಬೇಕು. ಪ್ಲಾಸ್ಮಾಕ್ಕೆ 3, ಗ್ಯಾಸ್ ಕಟಿಂಗ್‌ಗೆ 5ರಿಂದ 6. ಲೇಸರ್‌ಗೆ ಅರ್ಧ ಮಿಲಿಮೀಟರ್. ಮುಂದೆ ವಿವರಿಸುವ ವಾಟರ್‌ಜೆಟ್ ಮತ್ತು ವೈರ್‌ಕಟ್‌ಗೆ ಕೈಯಲ್ಲಿ ನಯ ಮಾಡಲು ಬೇಕಾದಷ್ಟು ಬಿಟ್ಟರಾಯಿತು.

ಒಂದೆರಡು ಚಾಕು: ಹ್ಯಾಕ್ಸಾ ಮತ್ತು ಗ್ರೈಂಡರ್

ಮೊದಲ ಚಾಕುವಿಗೆ ಹ್ಯಾಕ್ಸಾ ಎಂದರೆ ಜನ ಮೂಗು ಮುರಿಯುತ್ತಾರೆ. ನನ್ನ ಮಟ್ಟಿಗೆ ಮೆತ್ತಗಿನ 3 ಮಿಲಿಮೀಟರ್ ಪಟ್ಟಿಗೆ ಅದಕ್ಕಿಂತ ನಂಬಿಕಸ್ಥ ಸಲಕರಣೆ ಇಲ್ಲ. ಅಂಚು ಬಿಸಿಯಾಗುವುದಿಲ್ಲ, ಗೆರೆ ತಪ್ಪಿದರೂ ಗೊತ್ತಾಗುವಷ್ಟು ನಿಧಾನ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲೂ ನಡೆಯುತ್ತದೆ. ಬ್ಲೇಡು ಆರಿಸುವುದರಲ್ಲಿ ಮಾತ್ರ ಉದಾಸೀನ ಬೇಡ. ಯಾವಾಗಲೂ ಕನಿಷ್ಠ ಮೂರು ಹಲ್ಲು ತಗಡಿನ ದಪ್ಪದೊಳಗೆ ಇರಬೇಕು, ಇಲ್ಲದಿದ್ದರೆ ಹಲ್ಲು ಸಿಕ್ಕಿಕೊಂಡು ಮುರಿಯುತ್ತದೆ. ಇಂಚಿಗೆ 24 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಸುಮಾರು 1 ಮಿಲಿಮೀಟರ್, ಹಾಗಾಗಿ 3–4 ಮಿಲಿಮೀಟರ್ ಪಟ್ಟಿಗೆ ಅದು ಹೊಂದುತ್ತದೆ. 2 ಮಿಲಿಮೀಟರ್ ತಗಡಿಗೆ 32 ಹಲ್ಲಿನದು. ಅಂಗಡಿಯವರು ಕೇಳದೆ ಕೊಡುವ 18 ಹಲ್ಲಿನದು 5 ಮಿಲಿಮೀಟರ್ ಮೇಲಿನ ಮಾಲಿಗೆ. ಬೈ-ಮೆಟಲ್ ಬ್ಲೇಡಿಗೆ ನಾಲ್ಕು ಕಾಸು ಜಾಸ್ತಿ ಕೊಡಿ. ಹಲ್ಲು ಮುಂದಕ್ಕೆ ಮುಖ ಮಾಡಿರಲಿ, ಮುಂದಕ್ಕೆ ತಳ್ಳುವಾಗ ಒತ್ತಿ, ಹಿಂದಕ್ಕೆ ಎಳೆಯುವಾಗ ಬಿಡಿ. ನಿಮಿಷಕ್ಕೆ ನಲವತ್ತು ಐವತ್ತು ಸಲ ಸಾಕು, ಅವಸರ ಮಾಡಿದರೆ ಬ್ಲೇಡೇ ಬಿಸಿಯಾಗಿ ಹಲ್ಲು ಸವೆಯುತ್ತದೆ.

ಹ್ಯಾಕ್ಸಾ ತಿರುವು ಕೊಯ್ಯುವುದಿಲ್ಲ. ಹೊಟ್ಟೆಯಂತೆ ಹೊರಗೆ ಬಾಗಿದ ಭಾಗಕ್ಕೆ ನೇರ ಗೆರೆಗಳಲ್ಲಿ ಮೂಲೆ ಮೂಲೆ ಕತ್ತರಿಸುತ್ತಾ ಬನ್ನಿ, ಉಳಿದ ಮೂಲೆಗಳನ್ನು ಅರ ನೋಡಿಕೊಳ್ಳುತ್ತದೆ. ಒಳಗೆ ಬಾಗಿದ ಕಡೆ, ಉದಾಹರಣೆಗೆ ಹಿಡಿಯಲ್ಲಿ ತೋರುಬೆರಳು ಕೂರುವ ಜಾಗದಲ್ಲಿ, ಗೆರೆಯ ಹೊರಗಡೆ 3 ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ ಒತ್ತೊತ್ತಾಗಿ ತೂತು ಕೊರೆದು ನಡುವಿನ ಸಣ್ಣ ಗೋಡೆಗಳನ್ನು ಚಾಣದಿಂದ ಹೊಡೆದು ತೆಗೆಯಿರಿ. ಪ್ರತಿ ತೂತಿಗೂ ಸೆಂಟರ್ ಪಂಚ್ ಹೊಡೆಯುವುದು ಬೇಸರದ ಕೆಲಸ, ಆದರೆ ಹೊಡೆಯದಿದ್ದರೆ ಬಿಟ್ಟು ಪಕ್ಕದ ತೂತಿಗೆ ಜಾರುತ್ತದೆ.

ಇನ್ನು ಗ್ರೈಂಡರ್. ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರ್‌ಗೆ 1 ಮಿಲಿಮೀಟರ್ ದಪ್ಪದ ಕಟಿಂಗ್ ಡಿಸ್ಕ್ ಹಾಕಿದರೆ ಮೆತ್ತಗಿನ ಉಕ್ಕನ್ನೂ ಗಟ್ಟಿ ಉಕ್ಕನ್ನೂ ಒಂದೇ ಸಮ ಕೊಯ್ಯುತ್ತದೆ. ಲಾರಿ ಪ್ಲೇಟನ್ನು ಮೆತ್ತಗೆ ಮಾಡದೆ ಕತ್ತರಿಸಬೇಕೆಂದರೆ ಮನೆಯಲ್ಲಿ ಇದೊಂದೇ ದಾರಿ. ದಪ್ಪ ಡಿಸ್ಕ್ ಬೇಡ, ಅದು ಕೊಯ್ಯುವುದಕ್ಕಿಂತ ಕಾಯಿಸುವುದೇ ಹೆಚ್ಚು. ಒಂದೇ ಸಲಕ್ಕೆ ಆಚೆ ತೂರುವಂತೆ ಒತ್ತಬಾರದು. ಗೆರೆಯುದ್ದಕ್ಕೂ ತೆಳುವಾಗಿ ಒಂದು ಗೀರು ಹಾಕಿ, ಅದರಲ್ಲೇ ಹಿಂದೆ ಮುಂದೆ ಓಡಿಸುತ್ತಾ ಇಳಿಸಿ. ತಿರುವಿನಲ್ಲಿ ಡಿಸ್ಕನ್ನು ಬಗ್ಗಿಸಲು ಹೋಗಲೇಬೇಡಿ. ಗೆರೆಗೆ ಅಡ್ಡಲಾಗಿ ಬಾಚಣಿಗೆಯ ಹಲ್ಲಿನಂತೆ ಸಾಲು ಸೀಳು ಹಾಕಿ, ಆ ಹಲ್ಲುಗಳನ್ನು ಒಂದೊಂದಾಗಿ ಮುರಿದು ತೆಗೆಯುವುದು ಸರಿಯಾದ ಕ್ರಮ.

ಬಿಸಿಯಾಯಿತೆಂದು ಬಕೆಟ್ಟಿನ ನೀರಿಗೆ ಅದ್ದುವ ಅಭ್ಯಾಸ ಎಲ್ಲರಿಗೂ ಇದೆ. ಅಂಚು ಕೆಂಪಗೆ ಕಾಣುವಷ್ಟು ಕಾದಿದ್ದಾಗ ಅದ್ದಿದರೆ ಅಲ್ಲೊಂದು ಗಟ್ಟಿ ಚುಕ್ಕೆ ಹುಟ್ಟುತ್ತದೆ, ಸಣ್ಣ ಬಿರುಕೂ ಬಿಡಬಹುದು. ಕೈಗೆ ಸುಡುವಷ್ಟಾದಾಗಲೇ ನಿಲ್ಲಿಸಿ, ಆಮೇಲೆ ಅದ್ದಿದರೆ ತೊಂದರೆಯಿಲ್ಲ. ಆಗಲೇ ಹದವಾಗಿರುವ ಮಾಲಾದರೆ ಎರಡು ಸಲ ಓಡಿಸಿ ಒಮ್ಮೆ ಅದ್ದಿ, ಹೀಗೇ ತಾಳ್ಮೆಯಿಂದ ಮಾಡಬೇಕು.

ಸುರಕ್ಷತೆಯ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಲೇಖನದಲ್ಲಿ ಬರುವ ಸಲಕರಣೆಗಳಲ್ಲಿ ಆಸ್ಪತ್ರೆಗೆ ಕಳಿಸುವ ಸಾಧ್ಯತೆ ಹೆಚ್ಚಿರುವುದು ಗ್ರೈಂಡರ್‌ಗೇ. ಗಾರ್ಡ್ ಬಿಚ್ಚಬೇಡಿ. ಅಕ್ಕಪಕ್ಕದ ವರ್ಕ್‌ಶಾಪಿನಲ್ಲಿ ಎಲ್ಲರೂ ಬಿಚ್ಚಿಯೇ ಓಡಿಸುತ್ತಾರೆ ಎನ್ನುವುದು ಕಾರಣವಾಗದು. ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುವ ಡಿಸ್ಕ್ ಒಡೆದರೆ ಚೂರು ಎತ್ತ ಹಾರುತ್ತದೋ ಹೇಳಲಾಗದು. ಡಿಸ್ಕಿನ ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು–ವರ್ಷ ಅಚ್ಚಾಗಿರುತ್ತದೆ, ನೋಡಿ ಹಾಕಿ. ಒದ್ದೆಯಾದ ಡಿಸ್ಕನ್ನು ಎಸೆಯಿರಿ. ಬೀಳುವ ತುಂಡು ಹೊರಗಡೆ ಜೋತಾಡುವಂತೆ ಪಟ್ಟಿಯನ್ನು ವೈಸಿನಲ್ಲಿ ಬಿಗಿಯಿರಿ. ಎರಡೂ ತುದಿ ಹಿಡಿದಿಟ್ಟರೆ ಸೀಳು ಮುಚ್ಚಿಕೊಂಡು ಡಿಸ್ಕನ್ನು ಕಚ್ಚುತ್ತದೆ, ಯಂತ್ರ ನಿಮ್ಮ ಕಡೆ ಒದೆಯುತ್ತದೆ. ಕಣ್ಣಿಗೆ ಪಕ್ಕ ಮುಚ್ಚುವ ಕನ್ನಡಕ, ಮೂಗಿಗೆ ಮಾಸ್ಕ್, ಕಾಲಿಗೆ ಬೂಟು. ಲುಂಗಿ, ದುಪಟ್ಟಾ, ಸಡಿಲ ತೋಳಿನ ಅಂಗಿ ಬೇಡ.

ತಿಂಗಳಿಗೆ ಹತ್ತಿಪ್ಪತ್ತು ಮಾಡುವವರಿಗೆ: ಬ್ಯಾಂಡ್‌ಸಾ

ಚಾಕು ಮಾಡುವುದನ್ನು ಮುಂದುವರಿಸುವ ಮನಸ್ಸಿದ್ದರೆ ಗ್ರೈಂಡರ್ ನಂತರ ಕೊಳ್ಳಬೇಕಾದ್ದು ಕೈಯಲ್ಲಿ ಹಿಡಿಯುವ ಪೋರ್ಟಬಲ್ ಬ್ಯಾಂಡ್‌ಸಾ. ಅದನ್ನು ತಲೆಕೆಳಗಾಗಿ ಒಂದು ಸ್ಟ್ಯಾಂಡಿಗೆ ಬಿಗಿದು ಮೇಲೆ ಸಣ್ಣ ತಗಡಿನ ಮೇಜು ಹಾಕಿಕೊಂಡರೆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಗೆರೆಯ ಮೇಲೆ ನಡೆಸಬಹುದು. ಕಾವಿಲ್ಲ, ಕಿಡಿಯಿಲ್ಲ, ಹೊರತಿರುವು ಸುಲಭ. ಅದೇ ಮೂರು ಹಲ್ಲಿನ ಲೆಕ್ಕ ಇಲ್ಲೂ ಅನ್ವಯ. ಟೂಲ್ ಸ್ಟೀಲಿಗೆ ವೇಗ ಕಡಿಮೆ ಇಡಿ, ಬ್ಲೇಡು ನಿಮಿಷಕ್ಕೆ 25–30 ಮೀಟರ್ ಓಡಿದರೆ ಬೇಕಾದಷ್ಟಾಯಿತು. ಮರ ಕೊಯ್ಯುವ ಬ್ಯಾಂಡ್‌ಸಾದ ವೇಗ ಇದರ ಎಷ್ಟೋ ಪಟ್ಟು, ಅದರಲ್ಲಿ ಉಕ್ಕು ಇಟ್ಟರೆ ಬ್ಲೇಡಿನ ಹಲ್ಲು ಕ್ಷಣದಲ್ಲಿ ಬೋಳಾಗುತ್ತದೆ. ಗಟ್ಟಿ ಮಾಲಿಗೂ ಬ್ಯಾಂಡ್‌ಸಾ ಬೇಡ.

ಗ್ಯಾಸ್, ಪ್ಲಾಸ್ಮಾ, ಚಾಣ

ಗ್ಯಾಸ್ ಕಟಿಂಗ್ ದಪ್ಪ ಲಾರಿ ಪ್ಲೇಟನ್ನು ತುಂಡು ಮಾಡಲು ಸರಿ, ಚಾಕುವಿನ ಆಕಾರ ತೆಗೆಯಲು ಸಲ್ಲದು. ಸ್ಟೇನ್‌ಲೆಸ್‌ಗಂತೂ ಅದು ಕೆಲಸವನ್ನೇ ಮಾಡುವುದಿಲ್ಲ, ಕ್ರೋಮಿಯಂ ಆಕ್ಸೈಡಿನ ಪದರ ಆಮ್ಲಜನಕವನ್ನು ಒಳಗೆ ಬಿಡುವುದಿಲ್ಲ. ಪ್ಲಾಸ್ಮಾ ಎಲ್ಲವನ್ನೂ ಕತ್ತರಿಸುತ್ತದೆ, ಆದರೆ ಅಂಚು ಓರೆಯಾಗುತ್ತದೆ, ಕೆಳಗೆ ಕಿಟ್ಟ ಗಟ್ಟಿಯಾಗಿ ಅಂಟಿರುತ್ತದೆ, 2–3 ಮಿಲಿಮೀಟರ್ ತಗಡು ಕಾವಿಗೆ ಸೊಟ್ಟಗಾಗುತ್ತದೆ.

ಕಾಯಿಸಿ ಬಡಿದು ಕತ್ತಿ ಮಾಡುವವರಿಗೆ ಈ ಯಾವ ತಲೆನೋವೂ ಇಲ್ಲ. ಮಲೆನಾಡಿನ ಕಮ್ಮಾರ ಪ್ಲೇಟನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ ಅಡಿಗಲ್ಲಿನ ಮೇಲಿಟ್ಟು, ಒಬ್ಬ ಚಾಣ ಹಿಡಿದು ಇನ್ನೊಬ್ಬ ಸುತ್ತಿಗೆ ಹೊಡೆದರೆ ನಾಲ್ಕೈದು ಪೆಟ್ಟಿಗೆ ತುಂಡಾಗುತ್ತದೆ. ಆ ಅಂಚು ಗಟ್ಟಿಯಾದರೂ ಚಿಂತೆಯಿಲ್ಲ, ಇಡೀ ತುಂಡು ಮತ್ತೆ ಮತ್ತೆ ಕುಲುಮೆಗೆ ಹೋಗುತ್ತಲೇ ಇರುತ್ತದೆ. 8 ಮಿಲಿಮೀಟರ್ ಪ್ಲೇಟಿನಿಂದ 3 ಮಿಲಿಮೀಟರ್ ಚಾಕುವನ್ನು ಬರೀ ಕತ್ತರಿಸಿ ಉಜ್ಜಿ ತೆಗೆಯಲು ಹೊರಡುವುದಕ್ಕಿಂತ ಬಡಿಸಿಕೊಳ್ಳುವುದೇ ಜಾಣತನ. ಹಳೆಯ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದೆಂಬುದೊಂದು ನೆನಪಿರಲಿ. ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಉಕ್ಕು ಅದು.

ಒಂದೇ ನಮೂನೆಯ ಇಪ್ಪತ್ತೈದು ಬೇಕಾದಾಗ: ಲೇಸರ್

ಈಗ ಹೆಚ್ಚಿನ ಊರುಗಳಲ್ಲಿ ಫೈಬರ್ ಲೇಸರ್ ಅಂಗಡಿ ಇದೆ. 250 ಮಿಲಿಮೀಟರ್ ಉದ್ದದ ಅಡುಗೆಮನೆ ಚಾಕುವಿನ ಸುತ್ತಳತೆ ಹತ್ತಿರ ಹತ್ತಿರ 600 ಮಿಲಿಮೀಟರ್. 3 ಮಿಲಿಮೀಟರ್ ತಗಡಿನಲ್ಲಿ ಲೇಸರ್‌ಗೆ ಅದು ಅರ್ಧ ನಿಮಿಷದೊಳಗಿನ ಕೆಲಸ. ಸೀಳು ಕಾಲು ಮಿಲಿಮೀಟರ್‌ನಷ್ಟು ಸಣ್ಣದು. ಗಟ್ಟಿ ಪೊರೆಯೂ ಮಿಲಿಮೀಟರ್‌ನ ಸಣ್ಣ ಭಾಗದಷ್ಟೇ ತೆಳು, ಬೆಲ್ಟ್ ಗ್ರೈಂಡರ್ ಇದ್ದವರಿಗೆ ಅದು ಲೆಕ್ಕಕ್ಕೇ ಇಲ್ಲ. ಅರ ಮಾತ್ರ ನಂಬಿಕೊಂಡವರಿಗೆ ನರಕ. ಲೇಸರ್ ಮಾಡಿಸಬೇಕೇ ಎಂದು ಕೇಳುವವರನ್ನು ನಾನು ತಿರುಗಿ ಕೇಳುವುದು ಬೆಲ್ಟ್ ಗ್ರೈಂಡರ್ ಇದೆಯೇ ಎಂದು.

ಅಂಗಡಿಗೆ ಹೋದೊಡನೆ ಬರುವ ಪ್ರಶ್ನೆ, ‘ಸಾರ್, ಎಸ್‌ಎಸ್ಸಾ ಎಂಎಸ್ಸಾ?’ ಎರಡೂ ಅಲ್ಲ, ಹೈ ಕಾರ್ಬನ್ ಟೂಲ್ ಸ್ಟೀಲು ಎಂದು ಮೊದಲೇ ಹೇಳಿ. ಎಂಎಸ್ ಎಂದುಕೊಂಡರೆ ಅವರು ಆಮ್ಲಜನಕ ಹಾಕಿ ಓಡಿಸುತ್ತಾರೆ, ಅಂಚು ಕಪ್ಪಗೆ ಸುಟ್ಟು ಆಕ್ಸೈಡ್ ಕೂರುತ್ತದೆ. ಸಾರಜನಕದಲ್ಲಿ ಕತ್ತರಿಸಿ ಎಂದು ಕೇಳಿ. ಖರ್ಚು ಸ್ವಲ್ಪ ಜಾಸ್ತಿ, ಅಂಚು ಬೆಳ್ಳಗೆ ಬರುತ್ತದೆ. ಗಟ್ಟಿಯಾಗುವುದು ಅದರಲ್ಲೂ ತಪ್ಪುವುದಿಲ್ಲ.

ಹಿಡಿಯ ತೂತುಗಳ ವಿಷಯದಲ್ಲಿ ಎರಡೇ ದಾರಿ. ಒಂದು, ಲೇಸರ್‌ನಲ್ಲಿ ತೂತೇ ಬೇಡ, ಆಮೇಲೆ ಮೆತ್ತಗಿನ ಉಕ್ಕಿನಲ್ಲಿ ನೀವೇ ಕೊರೆಯಿರಿ. ಎರಡು, ಲೇಸರ್‌ನಲ್ಲೇ ಮುಗಿದ ಅಳತೆಗೆ, ಪಿನ್ 4 ಮಿಲಿಮೀಟರ್ ಆದರೆ ತೂತು 4.2 ಇರುವಂತೆ ಮಾಡಿಸಿ ಮತ್ತೆ ಮುಟ್ಟಬೇಡಿ. ಉಳಿದ ಸಂದು ಎಪಾಕ್ಸಿ ಅಂಟಿನಿಂದ ತುಂಬುತ್ತದೆ. ಚಿಕ್ಕ ತೂತು ಮಾಡಿಸಿ ಆಮೇಲೆ ದೊಡ್ಡದು ಮಾಡುತ್ತೇನೆ ಎನ್ನುವುದೇ ಬಿಟ್ಟು ಸುಡುವ ದಾರಿ, ಅದಕ್ಕೆ ಕಾರ್ಬೈಡ್ ಬಿಟ್ಟೇ ಬೇಕಾಗುತ್ತದೆ. ತಗಡಿನ ದಪ್ಪಕ್ಕಿಂತ ಚಿಕ್ಕ ತೂತನ್ನು ಲೇಸರ್‌ನಲ್ಲಿ ಕೇಳಲೂಬೇಡಿ, ಒರಟಾಗಿ ಬರುತ್ತದೆ.

ಡ್ರಾಯಿಂಗ್ ಕೊಡುವಾಗ ಡಿಎಕ್ಸ್‌ಎಫ್ ಫೈಲು ಮಿಲಿಮೀಟರ್ ಅಳತೆಯಲ್ಲಿರಲಿ. ಗೆರೆ ಎಲ್ಲೂ ತುಂಡಾಗಿರಬಾರದು, ಒಂದರ ಮೇಲೊಂದು ಎರಡು ಸಲ ಬಿದ್ದಿರಲೂಬಾರದು, ಎರಡು ಸಲ ಇದ್ದರೆ ಯಂತ್ರ ಎರಡು ಸಲ ಓಡುತ್ತದೆ. ಇಂಚು–ಮಿಲಿಮೀಟರ್ ಗೊಂದಲವಾದರೆ ಚಾಕು 25.4 ಪಟ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಹಿಗ್ಗಿದ್ದು ಕಣ್ಣಿಗೆ ಬೀಳುತ್ತದೆ, ಆದರೆ ಅರ್ಧಂಬರ್ಧ ಸ್ಕೇಲ್ ಆದದ್ದು ತಗಡು ಹಾಳಾದ ಮೇಲೇ ಗೊತ್ತಾಗುವುದು. ಮೊದಲು ಕಾಗದದ ಮೇಲೆ ನಿಜಗಾತ್ರದಲ್ಲಿ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ನೋಡಿಬಿಡಿ. ಸೀಳಿನ ಅಗಲವನ್ನು ಕಳೆಯುವ ಕೆಲಸ ಆಪರೇಟರ್‌ಗೆ ಬಿಡಿ. ನೀವೂ ಕಳೆದು ಅವರೂ ಕಳೆದರೆ ಅಳತೆ ತಪ್ಪುತ್ತದೆ.

ಬಾಯಿಬಿಟ್ಟು ಹೇಳಲೇಬೇಕಾದ ಮಾತು ಎರಡಿವೆ. ಯಂತ್ರ ಮೊದಲು ತಗಡನ್ನು ತೂರುವ ಜಾಗದಲ್ಲಿ ಒಂದು ಕಲೆ ಉಳಿಯುತ್ತದೆ, ಅದು ಹಿಡಿಯ ಹಿಂತುದಿಯಲ್ಲಿ ಬರಲಿ, ಹರಿತ ಬರುವ ಕಡೆ ಬೇಡ. ಇನ್ನೊಂದು, ತಗಡು ಉಳಿಸಲೆಂದು ಸಾಫ್ಟ್‌ವೇರು ತುಂಡುಗಳನ್ನು ಅಡ್ಡ ಉದ್ದ ತಿರುಗಿಸಿ ಜೋಡಿಸುತ್ತದೆ. ‘ತಿರುಗಿಸಬೇಡಿ, ಎಲ್ಲವೂ ರೋಲಿಂಗ್ ದಿಕ್ಕಿಗೇ ಇರಲಿ’ ಎಂದು ಬರೆದುಕೊಡಿ. ನಾಲ್ಕಾರು ತುಂಡು ಕಡಿಮೆ ಬರಬಹುದು. ಬರಲಿ.

ಚಾಕು ಎಂದೊಡನೆ ಕೆಲವು ಅಂಗಡಿಯವರು ಹಿಂಜರಿಯುತ್ತಾರೆ, ಅವರದ್ದೂ ತಪ್ಪಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದರೆ ಆಯುಧದ ಪಟ್ಟಿಗೆ ಸೇರುತ್ತದೆ. ಮನೆಬಳಕೆ, ಕೃಷಿ, ವೈಜ್ಞಾನಿಕ ಮತ್ತು ಕೈಗಾರಿಕಾ ಕೆಲಸಕ್ಕೆಂದು ಮಾಡಿದವು ಇದರಿಂದ ಹೊರಗೆ. ಅಡುಗೆಮನೆ ಚಾಕುವಾದರೆ ಹಾಗೆಂದೇ ಆರ್ಡರಿನಲ್ಲಿ ಬರೆಯಿರಿ.

ಕಾವಿಲ್ಲದ ಯಂತ್ರಗಳು: ವಾಟರ್‌ಜೆಟ್, ವೈರ್‌ಕಟ್

ನಾಲ್ಕು ಸಾವಿರ ಬಾರ್ ಒತ್ತಡದ ನೀರಿನಲ್ಲಿ ಗಾರ್ನೆಟ್ ಮರಳು ಬೆರೆಸಿ ಚಿಮ್ಮಿಸಿ ಕೊಯ್ಯುವುದು ವಾಟರ್‌ಜೆಟ್. ಉಕ್ಕು ಬಿಸಿಯೇ ಆಗುವುದಿಲ್ಲವಾದ್ದರಿಂದ ಅಂಚು ಮೂಲದಷ್ಟೇ ಮೆತ್ತಗಿರುತ್ತದೆ, ಆಮೇಲೆ ಕೊರೆಯಿರಿ, ಅರ ಹಾಕಿ, ನಿಮ್ಮಿಷ್ಟ. ಆಗಲೇ ಹದವಾದ ತಗಡನ್ನೂ ಹದ ಕೆಡದಂತೆ ಕತ್ತರಿಸಬಹುದು. ಮೇಲೆ ಹೇಳಿದ ಅದೇ ಚಾಕುವಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ, ಲೆಕ್ಕ ಹಾಕುವುದೂ ನಿಮಿಷಕ್ಕೆ ಇಷ್ಟು ಎಂದು, ಹಾಗಾಗಿ ಲೇಸರ್‌ಗಿಂತ ದುಬಾರಿ. ಸೀಳು 1 ಮಿಲಿಮೀಟರ್‌ನಷ್ಟು. ಅಂಚು ಮಂಜು ಹಿಡಿದ ಬಣ್ಣದಲ್ಲಿ ತುಸು ಓರೆಯಾಗಿ ಬರುತ್ತದೆ, ಹೇಗೂ ಉಜ್ಜುವ ಅಂಚಿಗೆ ಅದು ಏನೂ ಅಲ್ಲ. ತುಂಡುಗಳು ತೊಟ್ಟಿಗೆ ಬೀಳದಿರಲೆಂದು ಸಣ್ಣ ಕೊಂಡಿಯಷ್ಟು ಕತ್ತರಿಸದೆ ಬಿಡುತ್ತಾರೆ. ಆ ಕೊಂಡಿಯೂ ಹಿಡಿಯ ಹಿಂತುದಿಯಲ್ಲೇ ಇರಲಿ. ಮನೆಗೆ ತಂದು ನಾಳೆ ನೋಡೋಣ ಎಂದು ಚೀಲದಲ್ಲೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು. ಅಲ್ಲೇ ಒರೆಸಿ ಎಣ್ಣೆ ಸವರಿಕೊಂಡೇ ಹೊರಡಿ.

ನಮ್ಮವರು ನೆನೆಸಿಕೊಳ್ಳದ ವಿಧಾನವೆಂದರೆ ವೈರ್‌ಕಟ್. ಪೀಣ್ಯದ ಗಲ್ಲಿಗಳಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಪ್ರೆಸ್ ಟೂಲ್ ಮತ್ತು ಡೈ ಮಾಡುವವರು ಇರುವ ಕಡೆಯೆಲ್ಲ ಈ ಯಂತ್ರ ಸಿಗುತ್ತದೆ. ಓಎಚ್‌ಎನ್‌ಎಸ್, ಎಚ್‌ಸಿಎಚ್‌ಸಿಆರ್ ಕತ್ತರಿಸುವುದು ಅವರ ದಿನನಿತ್ಯದ ಕೆಲಸ, ನೀವು ವಿವರಿಸುವ ಗೋಜೇ ಇಲ್ಲ. ಕೂದಲಿನಷ್ಟು ಸಣ್ಣ, 0.18 ಅಥವಾ 0.25 ಮಿಲಿಮೀಟರ್ ತಂತಿಯಿಂದ ಕಿಡಿ ಹಾರಿಸಿ ಕೊಯ್ಯುತ್ತದೆ. ಕಾವು ಮುಟ್ಟುವುದು ಕೆಲವೇ ಮೈಕ್ರಾನ್, ಎಮರಿ ಕಾಗದಕ್ಕೆ ಅದು ಹೋಗಿಬಿಡುತ್ತದೆ. ಗಟ್ಟಿ ಮಾಲೂ ನಡೆಯುತ್ತದೆ. ನಿಧಾನ ಮಾತ್ರ ವಿಪರೀತ, ಒಂದು ಚಾಕುವಿಗೆ ಅರ್ಧ ಗಂಟೆಯಾದರೂ ಬೇಕು.

ಅದಕ್ಕೊಂದು ಉಪಾಯವಿದೆ. ಹತ್ತು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಿಗಿದು ಒಂದೇ ಓಟದಲ್ಲಿ ಕತ್ತರಿಸಿದರೆ ಹತ್ತೂ ಅಚ್ಚಿನಲ್ಲಿ ತೆಗೆದಂತೆ ಒಂದೇ ಸಮ ಬರುತ್ತವೆ. ದರ ಸಾಮಾನ್ಯವಾಗಿ ಕೊಯ್ದ ಉದ್ದಕ್ಕೆ ದಪ್ಪ ಗುಣಿಸಿ ಹಾಕುವುದರಿಂದ ಕಟ್ಟಿನಲ್ಲಿ ದುಡ್ಡೇನೂ ಉಳಿಯದು, ಯಂತ್ರದ ಸೆಟ್ಟಿಂಗ್ ಒಂದೇ ಸಲಕ್ಕೆ ಮುಗಿಯುತ್ತದೆ. ಪಟ್ಟಿಗಳು ಚಪ್ಪಟೆಯಾಗಿರಬೇಕು, ನಡುವೆ ತುಕ್ಕು–ಬಣ್ಣ ಇದ್ದರೆ ಕರೆಂಟು ಹರಿಯದೆ ತಂತಿ ತುಂಡಾಗುತ್ತದೆ. ಹಿಡಿಯ ತೂತುಗಳನ್ನು ಮೊದಲೇ ಕೊರೆದು ಅದೇ ತೂತಿಗೆ ಬೋಲ್ಟ್ ಹಾಕಿ ಕಟ್ಟು ಬಿಗಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ.

ಕತ್ತರಿಯಂತೆ ಒತ್ತಿ ಕತ್ತರಿಸುವ ಶಿಯರಿಂಗ್ ಯಂತ್ರ ದೊಡ್ಡ ತಗಡನ್ನು ಪಟ್ಟಿ ಮಾಡಿಸಲು ಮಾತ್ರ. ಸಣ್ಣ ಪಟ್ಟಿ ತಿರುಚಿಕೊಂಡೇ ಹೊರಬರುತ್ತದೆ, ಅಂಚಿನಲ್ಲಿ ಹರಿದ ಗುರುತು ಇರುತ್ತದೆ, 2 ಮಿಲಿಮೀಟರ್ ಉಜ್ಜಿ ತೆಗೆಯಲು ಜಾಗ ಬಿಡಿ. ಪ್ರೆಸ್ಸಿನಲ್ಲಿ ಡೈ (ಅಚ್ಚು) ಹಾಕಿ ಚಾಕುವಿನ ಆಕಾರದ ತುಂಡು ಹೊಡೆಯುವುದು ಸಾವಿರಗಟ್ಟಲೆ ಮಾಡುವ ಕಾರ್ಖಾನೆಯ ಬಾಬತ್ತು.

ಕತ್ತರಿಸಿದ ಮೇಲೆ

ಯಾವುದರಿಂದಲೇ ಕತ್ತರಿಸಿರಿ, ಹದಕ್ಕೆ ಕಳಿಸುವ ಮುಂಚೆ ಸುತ್ತಲಿನ ಅಂಚನ್ನು 120 ಗ್ರಿಟ್‌ವರೆಗಾದರೂ ಉದ್ದಕ್ಕೆ ಉಜ್ಜಿ ನಯ ಮಾಡಿ. ಗರಗಸದ ಗೀರು, ಲೇಸರ್‌ನ ಅಡ್ಡ ಗೆರೆ, ಪ್ಲಾಸ್ಮಾದ ಕಿಟ್ಟ ಇವುಗಳ ಬುಡದಿಂದಲೇ ಎಣ್ಣೆಯಲ್ಲಿ ಅದ್ದಿದಾಗ ಬಿರುಕು ಹೊರಡುವುದು. ಒಳಮೂಲೆಗಳು ಚೂಪಾಗಿ ಉಳಿಯಬಾರದು, ಸಣ್ಣ ದುಂಡು ಅರದಿಂದ ಒಂದಿಷ್ಟು ಗೋಲ ಮಾಡಿ. ಗಟ್ಟಿ ಪೊರೆ ಪೂರ್ತಿ ಹೋಯಿತೇ ಎಂದು ಅದೇ ಅರದ ಮೂಲೆಯಿಂದ ಸುತ್ತ ಗೀರಿ ನೋಡಿ, ಎಲ್ಲ ಕಡೆ ಒಂದೇ ಸಮ ಕಚ್ಚಬೇಕು. ತೂತುಗಳೆಲ್ಲ ಹದಕ್ಕೆ ಮುಂಚೆಯೇ ಮುಗಿದಿರಲಿ.

ಕತ್ತರಿಸಿ ಉಳಿದ ಚೂರುಗಳನ್ನು ಗುಜರಿಗೆ ಹಾಕಬೇಡಿ. ಪ್ರತಿ ತಗಡಿನ ಎರಡು ತುಂಡಿಗೆ ಹೆಸರು ಬರೆದು ಇಟ್ಟುಕೊಂಡು, ನಿಜವಾದ ಚಾಕುವಿಗೆ ಮುಂಚೆ ಒಂದನ್ನು ಕಾಯಿಸಿ ಎಣ್ಣೆಗೆ ಅದ್ದಿ. ಅರ ಜಾರಬೇಕು. ಆಮೇಲೆ ಬಟ್ಟೆ ಸುತ್ತಿ ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಮುರಿದು ಒಡೆದ ಮುಖ ನೋಡಿ. ಬೂದು ಬಣ್ಣದಲ್ಲಿ ನುಣ್ಣಗಿದ್ದರೆ ಕಾವು ಸರಿಯಾಗಿದೆ. ಸಕ್ಕರೆ ಹರಳಿನಷ್ಟು ದಪ್ಪ ಹೊಳಪು ಕಂಡರೆ ಕಾವು ಮಿತಿಮೀರಿದೆ, ಇಳಿಸಿ ಎರಡನೆಯ ತುಂಡಿನಲ್ಲಿ ಮತ್ತೊಮ್ಮೆ ನೋಡಿ.